ಹಳೆ ಜೀಪಿಗೆ ಹೊಸ ಇಂಜಿನ್: ಮೊದಲು ವಯರಿಂಗ್, ಆಮೇಲೆ ಹುರುಪು

ಮುಳ್ಳೇರಿಯ, ಪೆರ್ಲ, ಬದಿಯಡ್ಕ ಕಡೆಯ ತೋಟದ ಮನೆಗಳ ಶೆಡ್ಡಿನಲ್ಲಿ ಹಳೆ ಜೀಪೊಂದು ಟಾರ್ಪಾಲು ಹೊದ್ದು ನಿಂತಿರುವುದು ಹೊಸ ನೋಟವೇನಲ್ಲ. ಒಂದು ಕಾಲದಲ್ಲಿ ಅಡಿಕೆ ಮೂಟೆ, ಆಸ್ಪತ್ರೆಗೆ ಹೊರಟ ಬಸುರಿ, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತು ಗುಡ್ಡ ಹತ್ತಿ ಇಳಿದ ಗಾಡಿ ಅದು. ಬಸ್ಸು ಬಾರದ ಊರಿಗೆ ಸರ್ವಿಸ್ ಜೀಪೇ ಬಸ್ಸು. ವಯನಾಡಿನ ಕಾಫಿ ತೋಟದಲ್ಲೂ ನೀಲಗಿರಿಯ ಚಹಾ ತೋಟದಲ್ಲೂ ತಾಳವಾಡಿಯ ಬೆಟ್ಟದ ಹಾದಿಯಲ್ಲೂ ಇದೇ ಕತೆ. ಈಗ ಮನೆಯ ಹುಡುಗರು ಆ ಟಾರ್ಪಾಲು ಎಳೆದು ನೋಡುತ್ತಿದ್ದಾರೆ. ಬಾಡಿ ಅಜ್ಜನ ಕಾಲದ್ದೇ ಇರಲಿ, ಒಳಗೆ ಮಾತ್ರ ಹೊಸ ಇಂಜಿನ್ ಕೂರಲಿ ಎಂಬುದು ಅವರ ಆಸೆ. ಗ್ಯಾರೇಜಿನವರೂ "ಮಾಡುವ, ಅದಕ್ಕೆಂತ" ಎನ್ನುತ್ತಾರೆ.

ಆಸೆ ತಪ್ಪಲ್ಲ. ಆದರೆ ಇಂಜಿನ್ ಕೂರಿಸುವುದು ಈ ಕೆಲಸದಲ್ಲಿ ಅರ್ಧವೂ ಅಲ್ಲ ಎಂಬುದನ್ನು ಗಾಡಿ ಗ್ಯಾರೇಜಿಗೆ ಬಿಡುವ ಮುಂಚೆ ಹೇಳುವವರು ಕಡಿಮೆ. ಮೌಂಟ್ ಬೆಸುಗೆ ಹಾಕಿ, ಗೇರ್ ಬಾಕ್ಸಿಗೆ ಪ್ಲೇಟು ಕಡಿದು ಕೂರಿಸುವುದು ಒಳ್ಳೆ ಫಿಟ್ಟರಿಗೆ ಕೆಲವು ದಿನದ ಕೆಲಸ. ಉಳಿದದ್ದೆಲ್ಲ ವಯರಿಂಗ್ ಮತ್ತು ಕಾಗದ. ವಯರಿಂಗ್ ತಪ್ಪಿದರೆ ಗಾಡಿ ಸುಡಬಹುದು. ಕಾಗದ ತಪ್ಪಿದರೆ ಅದೇ ಗಾಡಿ ಸ್ಟೇಷನ್ ಅಂಗಳದಲ್ಲಿ ಮಳೆಗೆ ನೆನೆಯುತ್ತಾ ನಿಲ್ಲಬಹುದು.

ಸ್ವಾತಂತ್ರ್ಯ ಬಂದ ಆಸುಪಾಸಿನ ವರ್ಷಗಳಲ್ಲಿ ಮಹೀಂದ್ರಾದವರು ವಿಲ್ಲೀಸ್ ಜೀಪನ್ನು ಬಿಡಿಭಾಗವಾಗಿ ತರಿಸಿ ಇಲ್ಲಿ ಜೋಡಿಸಲು ತೊಡಗಿದರು. ಆಮೇಲೆ ಎತ್ತರದ ಬಾನೆಟ್ಟಿನ ಸಿಜೆ-3ಬಿ ಬಂತು. ಸುಮಾರು 2.2 ಲೀಟರಿನ ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್, ಒಂದು ಕಾರ್ಬುರೇಟರ್, ಒಂದು ಡೈನಮೋ, ಒಂದು ಕಾಯಿಲ್, ಪಾಯಿಂಟು, ದೀಪ, ಹಾರ್ನು. ಆರಂಭದ ಜೀಪುಗಳಲ್ಲಿ ಕರೆಂಟು 6 ವೋಲ್ಟ್ ಮಾತ್ರ, ಆಮೇಲೆ 12 ಆಯಿತು. ಇಡೀ ಗಾಡಿಯ ವಯರನ್ನು ಬಿಚ್ಚಿ ಅಂಗಳದಲ್ಲಿ ಹಾಸಿದರೆ ಒಂದು ಚಾಪೆ ತುಂಬುವಷ್ಟೂ ಇಲ್ಲ. ಪಾಯಿಂಟಿಗೆ ನೀರು ಬಿದ್ದು ಹೊಳೆಯ ನಡುವೆ ನಿಂತರೆ ಡ್ರೈವರ್ ತಲೆಗೆ ಕಟ್ಟಿದ ಬೈರಾಸು ಬಿಚ್ಚಿ ಒರೆಸುತ್ತಿದ್ದ, ಮತ್ತೆ ಸೆಲ್ಫ್ ಹೊಡೆಯುತ್ತಿದ್ದ, ಹೋಗುತ್ತಿದ್ದ. ಆ ಗಾಡಿಯ ಮೇಲೆ ಜನರಿಗೆ ಇಷ್ಟು ಪ್ರೀತಿ ಬೆಳೆದದ್ದು ಅದರ ಈ ಸರಳತನದಿಂದಲೇ.

ಹಾಗಾದರೆ ಹೊಸ ಇಂಜಿನ್ ಯಾಕೆ ಬೇಕು? ಕಾರಣ ಉಂಟು. ಕಾರ್ಬುರೇಟರಿನೊಳಗೆ ಒಂದು ಸಣ್ಣ ಬಟ್ಟಲು, ಅದರಲ್ಲಿ ತೇಲುವ ಫ್ಲೋಟು. ಗಾಡಿ ಕಡಿದಾದ ಏರಿನಲ್ಲಿ ವಾಲಿದರೆ ಬಟ್ಟಲಿನ ಪೆಟ್ರೋಲೂ ವಾಲುತ್ತದೆ. ಆಗ ಇಂಜಿನ್ ಒಂದೋ ಉಕ್ಕಿ ಕಟ್ಟುತ್ತದೆ, ಇಲ್ಲ ಬಾಯಾರಿ ನಿಲ್ಲುತ್ತದೆ. ಇನ್ನು 2,240 ಮೀಟರ್ ಎತ್ತರದ ಊಟಿಯಲ್ಲಿ ಗಾಳಿ ತೆಳು. ಬಯಲಿನ ಲೆಕ್ಕಕ್ಕೆ ಜೆಟ್ ಹಾಕಿದ ಕಾರ್ಬುರೇಟರ್ ಅಲ್ಲೂ ಅಷ್ಟೇ ಪೆಟ್ರೋಲ್ ಸುರಿಯುತ್ತದೆ. ಕಪ್ಪು ಹೊಗೆ ಬರುತ್ತದೆ, ಎಳೆತ ಕಡಿಮೆಯಾಗುತ್ತದೆ, ಬೆಳಗ್ಗಿನ ಚಳಿಗೆ ಸ್ಟಾರ್ಟ್ ಆಗಲು ಗೋಳು ಹೊಯ್ದುಕೊಳ್ಳುತ್ತದೆ. ಎಂಪಿಎಫ್‌ಐ ಇಂಜಿನ್ ಹಾಗಲ್ಲ. ಒಳಗೆಳೆಯುವ ಗಾಳಿಯ ಒತ್ತಡ, ನೀರಿನ ಬಿಸಿ, ಆಕ್ಸಿಲರೇಟರ್ ಎಷ್ಟು ಒತ್ತಿದೆ ಎಂಬುದನ್ನೆಲ್ಲ ಸೆನ್ಸರ್‌ಗಳು ಇಸಿಯುಗೆ ತಿಳಿಸುತ್ತವೆ. ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಎಂದು ಆ ಡಬ್ಬಿಯೇ ಲೆಕ್ಕ ಹಾಕುತ್ತದೆ. ಜಿಪ್ಸಿಗೆ 1.3 ಲೀಟರಿನ 16 ವಾಲ್ವಿನ ಇಂಜೆಕ್ಷನ್ ಇಂಜಿನ್ ಬಂದ ಮೇಲೆ ಗುಡ್ಡ ಹತ್ತುವವರಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು. ಹಳೆ ಜೀಪಿಗೂ ಹಳೆ ಕಾರ್ಬುರೇಟರ್ ಜಿಪ್ಸಿಗೂ ಅಂಥದ್ದೇ ಇಂಜಿನ್ ಬೇಕೆಂದು ಹುಡುಗರು ಕೇಳುವುದು ಸುಮ್ಮನೆ ಅಲ್ಲ.

ತಕರಾರು ಶುರುವಾಗುವುದು ಇಲ್ಲಿಂದ. ಗುಜರಿಯಿಂದ ಇಂಜಿನ್ ತರುವವರು ಹೆಚ್ಚಿನ ಸಲ ಇಂಜಿನ್ ಮಾತ್ರ ತರುತ್ತಾರೆ, ವಯರ್ ಕಟ್ಟನ್ನು ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿ ಬಿಡುತ್ತಾರೆ. ಇದಕ್ಕಿಂತ ದೊಡ್ಡ ದಡ್ಡತನ ಇಲ್ಲ. ತರುವುದಾದರೆ ಒಂದೇ ಗಾಡಿಯ ಇಂಜಿನ್, ಇಸಿಯು, ಪೂರ್ತಿ ಹಾರ್ನೆಸ್, ರಿಲೇ ಪೆಟ್ಟಿಗೆ, ಕೀ ಸಮೇತ ತರಬೇಕು. ಇಮ್ಮೊಬಿಲೈಸರ್ ಇರುವ ಗಾಡಿಯಾದರೆ ಆ ಕೀ ಇಲ್ಲದೆ ಇಸಿಯು ಇಂಜೆಕ್ಟರನ್ನೇ ತೆರೆಯುವುದಿಲ್ಲ. ಸೆಲ್ಫ್ ಎಷ್ಟು ತಿರುಗಿದರೂ ಇಂಜಿನ್ ಹಿಡಿಯುವುದಿಲ್ಲ, ಮೆಕ್ಯಾನಿಕ್ ಎರಡು ದಿನ ಪ್ಲಗ್ ಬಿಚ್ಚಿ ಹಾಕುತ್ತಾ ಕೂರುತ್ತಾನೆ.

ಇಸಿಯುಗೆ ಬೇಕಾದ್ದು ಮುಖ್ಯವಾಗಿ ಮೂರು: ಬ್ಯಾಟರಿಯಿಂದ ಯಾವಾಗಲೂ ಇರುವ ಒಂದು ಲೈನು, ಕೀ ತಿರುಗಿಸಿದಾಗ ರಿಲೇ ಮೂಲಕ ಬರುವ ಇನ್ನೊಂದು ಲೈನು, ಮತ್ತು ಶುದ್ಧ ಅರ್ತ್. ಮೂರನೆಯದರಲ್ಲೇ ಎಲ್ಲರೂ ಎಡವುತ್ತಾರೆ. ನಲವತ್ತು ವರ್ಷದ ತುಕ್ಕು ಹಿಡಿದ ಛಾಸಿಗೆ, ಮೇಲೆ ಹೊಸದಾಗಿ ಬಳಿದ ಪೇಂಟಿನ ಮೇಲೆಯೇ ಬೋಲ್ಟ್ ಬಿಗಿದರೆ ಅರ್ತ್ ಸಿಗುವುದಿಲ್ಲ. ಸೆಲ್ಫ್ ಹೊಡೆದಾಗ ಬ್ಯಾಟರಿ ವೋಲ್ಟೇಜ್ ಕುಸಿಯುತ್ತದೆ, ಕೆಟ್ಟ ಅರ್ತಿನಲ್ಲಿ ಇನ್ನಷ್ಟು ಕುಸಿಯುತ್ತದೆ, ಇಸಿಯು ಅಲ್ಲಿಗೇ ಮಲಗುತ್ತದೆ. ಬಣ್ಣ ಕೆರೆದು ಲೋಹ ಕಾಣಿಸಿ, ಇಂಜಿನಿನಿಂದ ಛಾಸಿಗೆ ಒಂದು, ಛಾಸಿನಿಂದ ಬಾಡಿಗೆ ಒಂದು, ಬ್ಯಾಟರಿಯಿಂದ ಇಂಜಿನಿಗೆ ನೇರ ಒಂದು ದಪ್ಪ ಪಟ್ಟಿ ಹಾಕಿದರೆ ಅರ್ಧ ತಲೆನೋವು ಅಲ್ಲಿಯೇ ಮುಗಿಯಿತು. ಹಳೆ ಡೈನಮೋ ನಂಬಿ ಇಸಿಯು ಓಡಿಸುವಂತಿಲ್ಲ, ಆಲ್ಟರ್ನೇಟರ್ ಬೇಕೇ ಬೇಕು. ಕ್ರ್ಯಾಂಕ್ ಸೆನ್ಸರಿನ ವಯರನ್ನು ಪ್ಲಗ್ ವಯರಿನ ಪಕ್ಕದಲ್ಲಿ ಎಳೆಯಬಾರದು. ಎಳೆದರೆ ಇಸಿಯುಗೆ ಇಲ್ಲದ ಸುದ್ದಿ ಕೇಳಿಸುತ್ತದೆ, ಇಂಜಿನ್ ಎಳೆಯುತ್ತಾ ಎಳೆಯುತ್ತಾ ಗಕ್ಕನೆ ಕೈಕೊಡುತ್ತದೆ.

ಎಲ್ಲಕ್ಕಿಂತ ಭಯದ ಸಂಗತಿ ಪೆಟ್ರೋಲ್ ಪಂಪಿನದ್ದು. ಹಳೆ ಜೀಪಿನ ಪಂಪು ಇಂಜಿನಿನ ಪಕ್ಕದಲ್ಲಿ ಟಪಟಪ ಎನ್ನುತ್ತಾ ತೀರಾ ಕಡಿಮೆ ಒತ್ತಡದಲ್ಲಿ ಪೆಟ್ರೋಲ್ ಎಳೆಯುತ್ತಿತ್ತು. ಇಂಜೆಕ್ಷನ್ ಇಂಜಿನಿಗೆ ಕರೆಂಟಿನ ಪಂಪು ಬೇಕು, ಒತ್ತಡ ಸುಮಾರು 3 ಬಾರ್. ಹಳೆಯ ರಬ್ಬರ್ ಪೈಪು, ತಂತಿ ಸುತ್ತಿದ ಕ್ಲಿಪ್ಪು ಇದಕ್ಕೆ ತಡೆಯುವುದಿಲ್ಲ. ಮೇಲಾಗಿ ವಿಲ್ಲೀಸ್ ಮಾದರಿಯ ಜೀಪಿನಲ್ಲಿ ಪೆಟ್ರೋಲ್ ಟ್ಯಾಂಕಿ ಇರುವುದು ಎಲ್ಲಿ? ಡ್ರೈವರಿನ ಸೀಟಿನ ಅಡಿಯಲ್ಲಿ!

ಕಂಪೆನಿಯ ವಯರಿಂಗಿನಲ್ಲಿ ಈ ಪಂಪನ್ನು ಇಸಿಯು ಒಂದು ರಿಲೇ ಮೂಲಕ ನಡೆಸುತ್ತದೆ. ಕೀ ತಿರುಗಿಸಿದ ಕೂಡಲೇ ಎರಡು ಮೂರು ಸೆಕೆಂಡು ಓಡಿಸಿ ನಿಲ್ಲಿಸುತ್ತದೆ. ಇಂಜಿನ್ ತಿರುಗುತ್ತಿದೆ ಎಂದು ಕ್ರ್ಯಾಂಕ್ ಸೆನ್ಸರ್ ಹೇಳಿದರೆ ಮಾತ್ರ ಮುಂದುವರಿಸುತ್ತದೆ. ಗಾಡಿ ಮಗುಚಿ ಇಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಹಲವು ಗ್ಯಾರೇಜುಗಳಲ್ಲಿ ಈ ರಿಲೇಯ ಗೊಡವೆ ಬೇಡವೆಂದು ಪಂಪನ್ನು ನೇರ ಕೀ ಸ್ವಿಚ್ಚಿಗೆ ಕೊಟ್ಟುಬಿಡುತ್ತಾರೆ. ಗಾಡಿ ಚೆನ್ನಾಗಿಯೇ ಓಡುತ್ತದೆ. ಎರಡು ವರ್ಷ ಏನೂ ಆಗುವುದಿಲ್ಲ. ಒಂದು ದಿನ ಗುಡ್ಡದ ತಿರುವಿನಲ್ಲಿ ಗಾಡಿ ಮಗ್ಗುಲಾಗಿ ಪೈಪು ಕಿತ್ತುಬಂದರೆ, ಇಂಜಿನ್ ನಿಂತಿದ್ದರೂ ಪಂಪು ಮಾತ್ರ ಬಿಸಿ ಸೈಲೆನ್ಸರಿನ ಮೇಲೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಕೀ ಬಂದ್ ಮಾಡಲು ಡ್ರೈವರಿಗೆ ಪ್ರಜ್ಞೆ ಇರಬೇಕಲ್ಲ?

ಗಾಡಿ ಬಿಡಿಸಿಕೊಂಡು ಬರುವ ದಿನ ಇದನ್ನು ಪರೀಕ್ಷಿಸಲು ಯಾವ ಯಂತ್ರವೂ ಬೇಡ. ಸೆಲ್ಫ್ ಹೊಡೆಯದೆ ಕೀ ಮಾತ್ರ ತಿರುಗಿಸಿ ಕಿವಿಗೊಡಿ. ಪಂಪಿನ ಗುಂಯ್ ಶಬ್ದ ಎರಡು ಮೂರು ಸೆಕೆಂಡಿನಲ್ಲಿ ನಿಂತರೆ ಸರಿ. ನಿಲ್ಲದೆ ಗುಂಯ್‌ಗುಡುತ್ತಲೇ ಇದ್ದರೆ ಗಾಡಿ ಅಲ್ಲಿಯೇ ಬಿಟ್ಟು, "ಅಣ್ಣಾ, ಇದನ್ನು ರಿಲೇಗೆ ಹಾಕಿ ಕೊಡಿ, ದುಡ್ಡು ಆಮೇಲೆ" ಎಂದು ಹೇಳಿ ಬರಬೇಕು. ದಾಕ್ಷಿಣ್ಯ ಮಾಡುವ ಜಾಗ ಇದಲ್ಲ.

ಮಳೆಯ ಮಾತೂ ಇದೆ. ಕಾಸರಗೋಡಿನ ಮಳೆಗಾಲದಲ್ಲಿ ಜೀಪಿನೊಳಗೆ ಕೂತವರೂ ಒದ್ದೆ. ಇಸಿಯು ಡ್ಯಾಶ್‌ಬೋರ್ಡಿನ ಮೇಲ್ಭಾಗದಲ್ಲಿ, ವಯರು ಕೆಳಗಿನಿಂದ ಮೇಲಕ್ಕೆ ಬರುವಂತೆ ಕೂರಬೇಕು. ಆಗ ವಯರಿನ ಗುಂಟ ಹರಿದ ನೀರು ಡಬ್ಬಿಯೊಳಗೆ ಇಳಿಯುವುದಿಲ್ಲ. ತಿರುಚಿ ಕರಿ ಟೇಪು ಸುತ್ತಿದ ಜೋಡಣೆ ಒಂದು ಮಳೆಗಾಲಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಬೈರಾಸಿನಲ್ಲಿ ಒರೆಸಿ ಹೋಗುವ ಕಾಲ ಇದಲ್ಲ.

ಡೀಸೆಲ್ ಕಾಮನ್ ರೈಲ್ ಇಂಜಿನ್ ಹಾಕಿಸುವವರಿಗೆ ಒಂದೇ ಮಾತು. ಅದರ ರೈಲಿನಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತದೆ. ಹಳೆ ಡೀಸೆಲ್ ಇಂಜಿನಿನಲ್ಲಿ ಗಾಳಿ ತೆಗೆಯಲು ಪೈಪಿನ ನಟ್ಟು ಸಡಿಲಿಸುವ ಅಭ್ಯಾಸ ಇದ್ದವರು ಇದಕ್ಕೆ ಹಾಗೆ ಕೈ ಹಾಕಿದರೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ, ಬೆರಳನ್ನೇ ಕಳೆದುಕೊಳ್ಳುವ ಅಪಾಯ ಇದೆ. ಇನ್ನು ಹೊಸ ಇಂಜಿನಿನ ಶಕ್ತಿಗೆ ಹಳೆ ಡ್ರಮ್ ಬ್ರೇಕು ಸಾಲುತ್ತದೆಯೇ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕಾಗದ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರ ಕಂಪೆನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಒತ್ತಿ ಹೇಳಿತು. ಆ ಮೊಕದ್ದಮೆ ಹುಟ್ಟಿದ್ದು ಕೇರಳದಲ್ಲೇ, ತಳ್ಳಿಹಾಕಿದ್ದು ಕೇರಳ ಹೈಕೋರ್ಟಿನ ಸಡಿಲ ತೀರ್ಪನ್ನು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ ಎಂದಾಯಿತು. ಹಾಳಾದ ಇಂಜಿನಿನ ಜಾಗಕ್ಕೆ ಅದೇ ಮಾದರಿಯ ಇನ್ನೊಂದನ್ನು ಹಾಕಲೂ ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು. ಬೇರೆ ಕಂಪೆನಿಯ ಇಂಜಿನಿಗೆ ಅದು ಸುಲಭವಾಗಿ ಸಿಗುವಂಥದ್ದಲ್ಲ.

ಗಡಿಯ ಮನೆಗಳಿಗೆ ಇದು ಇನ್ನೂ ಬಿಗಿ. ಸುಳ್ಯದ ಮಾವನ ಜೀಪು ಪೆರ್ಲದ ಅಳಿಯನ ಮನೆಗೆ ಬರುತ್ತದೆ, ನಂಬರು ಕರ್ನಾಟಕದ್ದೇ. ಹನ್ನೆರಡು ತಿಂಗಳಿಗಿಂತ ಹೆಚ್ಚು ಇನ್ನೊಂದು ರಾಜ್ಯದಲ್ಲಿ ಇಟ್ಟುಕೊಂಡರೆ ಅಲ್ಲಿನ ನಂಬರು ಮಾಡಿಸಬೇಕು. ಆಗ ಇನ್ಸ್‌ಪೆಕ್ಟರ್ ಬಾನೆಟ್ ಎತ್ತಿ ಇಂಜಿನ್ ನಂಬರು ಓದುತ್ತಾರೆ. ಆರ್‌ಸಿಯಲ್ಲಿ ಒಂದು, ಇಂಜಿನಿನಲ್ಲಿ ಇನ್ನೊಂದು. ಗುಜರಿಯವರ ಬಿಲ್ಲೂ ಇಲ್ಲದಿದ್ದರೆ ಕದ್ದ ಇಂಜಿನ್ ಅಲ್ಲವೆಂದು ಸಾಧಿಸುವುದು ಅಳಿಯನ ತಲೆಗೆ. ಅಪಘಾತವಾದರಂತೂ ಕ್ಲೇಮು ತಳ್ಳಿಹಾಕಲು ವಿಮಾ ಕಂಪೆನಿಗೆ ಕಾರಣ ತಾನಾಗಿ ಸಿಕ್ಕಿದಂತೆ.

ಕಾನೂನು ಇಷ್ಟು ಗಟ್ಟಿಯಾಗಿರುವುದು ಪೂರ್ತಿ ನ್ಯಾಯವೇ? ಅಲ್ಲ. ಇದೇ 52ನೇ ಸೆಕ್ಷನ್ ಹಳೆ ಗಾಡಿಗೆ ಗ್ಯಾಸ್ ಕಿಟ್ಟು, ಬ್ಯಾಟರಿ ಕಿಟ್ಟು ಹಾಕಲು ಷರತ್ತಿನ ಮೇಲೆ ದಾರಿ ಬಿಟ್ಟಿದೆ. ಸವೆದ ಕಾರ್ಬುರೇಟರಿನ ಜೀಪಿಗಿಂತ ಕಡಿಮೆ ಹೊಗೆ ಬಿಡುವ, ಸರಿಯಾಗಿ ವಯರಿಂಗ್ ಮಾಡಿದ ಇಂಜೆಕ್ಷನ್ ಇಂಜಿನಿಗೂ ಅಂಥದ್ದೇ ಒಂದು ದಾರಿ ಇದ್ದರೆ ನಷ್ಟವೇನು? ಬಿಲ್ಲು ನೋಡಲಿ, ಬ್ರೇಕು ನೋಡಲಿ, ಪಂಪಿನ ರಿಲೇ ನೋಡಲಿ, ಹೊಗೆ ಅಳೆಯಲಿ, ಫೀಸು ತೆಗೆದುಕೊಳ್ಳಲಿ. ದಾರಿಯೇ ಇಲ್ಲದ ಕಾರಣ ಎಚ್ಚರದಿಂದ ಮಾಡಿದವನೂ ಕದ್ದು ಓಡಿಸುತ್ತಾನೆ, ಕರಿ ಟೇಪು ಸುತ್ತಿದವನೂ ಕದ್ದು ಓಡಿಸುತ್ತಾನೆ. ಇಬ್ಬರಲ್ಲಿ ಯಾರ ಗಾಡಿ ಸುಡುತ್ತದೆಂದು ನೋಡುವವರು ಯಾರೂ ಇಲ್ಲ. ಸಂಬಂಧಪಟ್ಟವರು ಯೋಚಿಸಬೇಕಾದ ವಿಷಯ ಇದು.

ಅಲ್ಲಿಯವರೆಗೆ ಮಾಡಬಹುದಾದ್ದು ಇಷ್ಟು. ಜೀಪಿಗೆ ಐವತ್ತು ವರ್ಷ ದಾಟಿದ್ದರೆ ಸ್ಪ್ಯಾನರ್ ಮುಟ್ಟಲೇಬೇಡಿ. 2021ರ ವಿಂಟೇಜ್ ನಿಯಮದ ಪ್ರಕಾರ ಅಂಥ ಗಾಡಿಗೆ 20,000 ರೂಪಾಯಿ ಶುಲ್ಕಕ್ಕೆ ಬೇರೆಯೇ ನೋಂದಣಿ ಇದೆ, ಆದರೆ ಛಾಸಿ, ಬಾಡಿ, ಇಂಜಿನ್ ಮೂಲದಂತೆಯೇ ಇರಬೇಕು. ದಿನನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ ಎಂಬುದು ಬೇರೆ ಮಾತು. ವಯಸ್ಸು ಅದಕ್ಕಿಂತ ಕಡಿಮೆಯಾದರೆ ಇಂಜಿನ್ ಖರೀದಿಸುವ ಮುಂಚೆ ಆರ್‌ಟಿಒಗೆ ಲಿಖಿತ ಅರ್ಜಿ ಕೊಟ್ಟು ಲಿಖಿತ ಉತ್ತರವನ್ನೇ ಪಡೆಯಬೇಕು. ಆಗುವುದಿಲ್ಲ ಎಂದು ಉತ್ತರ ಬಂದರೆ ಹಳೆ ಇಂಜಿನನ್ನೇ ಬೋರ್ ಮಾಡಿಸಿ, ಕಾರ್ಬುರೇಟರಿಗೆ ಹೊಸ ಕಿಟ್ಟು ಹಾಕಿಸಿ ಓಡಿಸಿದರಾಯಿತು. ಒಪ್ಪಿಗೆ ಸಿಕ್ಕಿತು ಎಂದಿಟ್ಟುಕೊಳ್ಳಿ, ಆಗ ವಯರಿಂಗ್ ಮಾಡಿದವರಿಂದಲೇ ಯಾವ ಬಣ್ಣದ ವಯರು ಎಲ್ಲಿಗೆ, ಯಾವ ಫ್ಯೂಸು ಯಾವುದಕ್ಕೆ ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆಸಿ, ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಸೀಟಿನ ಹಿಂದೆ ಇಡಿ. ರಾತ್ರಿ ಹೊತ್ತು ಪಾಣತ್ತೂರಿನ ಏರಿನಲ್ಲಿ ಗಾಡಿ ನಿಂತರೆ ಇನ್ನೊಬ್ಬ ಮೆಕ್ಯಾನಿಕ್‌ಗೆ ಅದೊಂದೇ ಆಧಾರ.

ಕಳಚಿದ ಹಳೆ ಇಂಜಿನನ್ನು ಮಾತ್ರ ಗುಜರಿಗೆ ಕೊಡಬೇಡಿ. ಎಣ್ಣೆ ಹಚ್ಚಿ ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲು ಮುಚ್ಚಿ ಇಡಿ. ಆರ್‌ಸಿಯಲ್ಲಿ ಮೊದಲಿಂದ ಇದ್ದ ನಂಬರು ಅದರ ಮೈಮೇಲಿದೆ.