ಸೇವೆ ಎಂಬ ಬಿಟ್ಟಿ ಚಾಕರಿ

ಕಳೆದ ವರ್ಷ ನಾನು 14 ಸುಳ್ಳು ದಾಖಲೆಗಳಿಗೆ ಸಹಿ ಹಾಕಿದ್ದೇನೆ. ಯಾರೂ ನನ್ನನ್ನು ಹಿಡಿಯುವುದಿಲ್ಲ, ಹಿಡಿಯಬೇಕಾದವರ ಸಹಿಯೂ ಅದೇ ಹಾಳೆಯ ಮೇಲಿದೆ. ಅವು ನಮ್ಮ ಬಿ.ಎ. ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ಡೈರಿಗಳು. ನಾನು ಅವರಿಗೆ ಸಾರ್ವಜನಿಕ ಆಡಳಿತದ ಪಾಠ ಮಾಡುವ ಮೇಷ್ಟ್ರು. ಪ್ರತಿ ಡೈರಿಯಲ್ಲೂ 60 ಗಂಟೆಗಳ ಲೆಕ್ಕವಿತ್ತು. ‘ಕಚೇರಿಯ ಕಾರ್ಯವೈಖರಿಯನ್ನು ಅರಿತುಕೊಂಡೆ’ ಎಂಬ ವಾಕ್ಯ ಹದಿನಾಲ್ಕರಲ್ಲೂ ಇತ್ತು, ಒಂದೇ ಕಾಗುಣಿತದ ತಪ್ಪಿನೊಡನೆ. ಆ ತಪ್ಪನ್ನೂ ತಿದ್ದದೆ ಸಹಿ ಹಾಕಿದೆ.

ನಿಜವಾಗಿ ಅವರು ಮಾಡಿದ್ದೇನು? ಮಲ್ಲೇಶ್ವರದ ಒಂದು ಸರ್ಕಾರಿ ಕಚೇರಿ, ಹೆಸರು ಬೇಡ. ಮೊದಲ ವಾರ ಹಳೆಯ ಕಡತಗಳ ಧೂಳು ಕೊಡವಿ ಕಟ್ಟು ಕಟ್ಟಿದರು, ಜೆರಾಕ್ಸ್ ಮಾಡಿಸಿಕೊಂಡು ಬಂದರು, ಟಪಾಲು ಪುಸ್ತಕದಲ್ಲಿ ನಮೂದು ಮಾಡಿದರು. ಎರಡನೇ ವಾರ ಅಲ್ಲಿನ ಅಧಿಕಾರಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದರಂತೆ: “ಪರೀಕ್ಷೆ ಹತ್ರ ಬಂತಲ್ಲ, ಮನೇಲಿ ಓದ್ಕೊಳಿ. ಕೊನೇ ದಿನ ಬಂದು ಸೀಲ್ ಹಾಕಿಸ್ಕೊಂಡು ಹೋಗಿ.” ಆಡಳಿತದ ಬಗ್ಗೆ ನನ್ನ ಮಕ್ಕಳು ಕಲಿತ ಮೊದಲ ಪಾಠ ಇದು. ಕೆಲಸ ಆಗದಿದ್ದರೂ ಕಾಗದ ಆಗಬೇಕು.

ಆ ಹದಿನಾಲ್ವರಲ್ಲಿ ಒಬ್ಬಳು ನೆಲಮಂಗಲದ ಕಡೆಯಿಂದ ಬರುವ ಹುಡುಗಿ. ಸಂಜೆ ಬಸ್ಸಿಗೆ ಹೋಗುವಾಗ ಎಂಟನೇ ಕ್ರಾಸಿನಲ್ಲಿ ಒಂದು ಮೊಳ ಹೂವು ಕೊಳ್ಳುವುದು ಅವಳ ರೂಢಿ. ಕಚೇರಿಯ ಹೆಸರಿದ್ದ ಗುರುತಿನ ಚೀಟಿ ಅವಳ ಕೊರಳಲ್ಲಿ ನೇತಾಡುತ್ತಿತ್ತು. ಹೂವಿನಾಕೆ ಅದನ್ನು ನೋಡಿ ಕೇಳಿದಳಂತೆ: “ನೀನು ಆಫೀಸಲ್ಲೇ ಇದೀಯಲ್ಲಮ್ಮ, ನಮ್ ಕಾರ್ಡ್ ಯಾವಾಗ ಬರುತ್ತೆ ಸ್ವಲ್ಪ ನೋಡವ್ವ.” ಹುಡುಗಿಗೆ ಉತ್ತರ ಗೊತ್ತಿರಲಿಲ್ಲ. ಯಾರನ್ನು ಕೇಳಬೇಕೆಂಬುದೂ ಗೊತ್ತಿರಲಿಲ್ಲ. ಮಾರನೆಯ ದಿನದಿಂದ ಆ ಚೀಟಿಯನ್ನು ಬ್ಯಾಗಿನೊಳಗೆ ಇಟ್ಟುಕೊಂಡು ಬೇರೆ ದಾರಿಯಲ್ಲಿ ಬಸ್ಸಿಗೆ ಹೋದಳು. “ನಾಚಿಕೆ ಆಯ್ತು ಸಾರ್” ಅಂದಳು. ನಾಚಿಕೆಯಾಗಬೇಕಾದದ್ದು ಅವಳಿಗಲ್ಲ, ನನಗೆ.

ಹೂವಿನಾಕೆಯ ಪ್ರಶ್ನೆ ಸಣ್ಣದಲ್ಲ. ಬೀದಿ ವ್ಯಾಪಾರಿಗಳ ಕಾಯ್ದೆ ಬಂದದ್ದು 2014ರಲ್ಲಿ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು. ಇದೆಲ್ಲ ನನ್ನ ಪಾಠದಲ್ಲಿದೆ. ಸಂಪಿಗೆ ರಸ್ತೆಯಿಂದ ಎಂಟನೇ ಕ್ರಾಸಿನವರೆಗೆ ನಡೆದರೆ ಆ ಕಾಯ್ದೆ ಯಾರಿಗಾಗಿ ಬಂತೋ ಆ ಜನರೇ ಸಾಲಾಗಿ ಕೂತಿದ್ದಾರೆ. ನಮ್ಮ ಇಂಟರ್ನ್‌ಶಿಪ್ ಮಾತ್ರ ಈ ಎರಡರ ನಡುವೆ ಎಲ್ಲಿಯೂ ಇಲ್ಲ.

ನೀತಿಗಳು ಬಂದವು, ಹೋದವು. 2021ರಲ್ಲಿ ರಾಜ್ಯ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಎಲ್ಲರಿಗಿಂತ ಮೊದಲು ತಂದಿತು. 2024ರಲ್ಲಿ ಹೊಸದಾಗಿ ಸೇರುವವರಿಗೆ ಮತ್ತೆ ಮೂರು ವರ್ಷದ ಪದವಿ ಅಂದಿತು. ಯುಜಿಸಿ ಲೆಕ್ಕದಲ್ಲಿ ಇಂಟರ್ನ್‌ಶಿಪ್ಪಿನ ಒಂದು ಕ್ರೆಡಿಟ್ ಅಂದರೆ 30 ಗಂಟೆ. ಈ ಗಂಟೆಗಳನ್ನು ಎಣಿಸುವುದು ಹೇಗೆಂದು ಬೇಕಾದಷ್ಟು ಸಭೆಗಳಾದವು. ಆ ಗಂಟೆಗಳಲ್ಲಿ ಹುಡುಗರು ಏನು ತಿನ್ನುತ್ತಾರೆ, ಯಾವ ದುಡ್ಡಿನಲ್ಲಿ ಬರುತ್ತಾರೆ ಎಂದು ಯಾರಾದರೂ ಕೇಳಿದ್ದನ್ನು ನಾನು ಕೇಳಿಲ್ಲ.

ನನ್ನ ತರಗತಿಯಲ್ಲಿ ಅರ್ಧ ಹುಡುಗರು ಸಂಜೆ ಊಟ ತಲುಪಿಸುವ ಕೆಲಸ ಮಾಡುತ್ತಾರೆ, ಬಟ್ಟೆ ಅಂಗಡಿಯಲ್ಲಿ ನಿಲ್ಲುತ್ತಾರೆ. ಹುಡುಗಿಯರಿಗೆ ಶಕ್ತಿ ಯೋಜನೆಯ ಬಸ್ಸಾದರೂ ಇದೆ. ಎರಡು ವಾರ ಕಚೇರಿಗೆ ಬಂದರೆ ಇವರಿಗೆ ಎರಡು ವಾರದ ಕೂಲಿ ಹೋಗುತ್ತದೆ. ಅಪ್ಪ ಅಮ್ಮ ದುಡ್ಡು ಕೊಡುವ ಹುಡುಗನಿಗೆ ಇದು ಅನುಭವ, ಉಳಿದವರಿಗೆ ದಂಡ. ಹಾಗಾಗಿ ಆ ಅಧಿಕಾರಿ ಮನೆಗೆ ಹೋಗಿ ಅಂದಾಗ ನನ್ನ ಹುಡುಗರು ಸಂತೋಷಪಟ್ಟರು. ಅವರನ್ನು ಸೋಮಾರಿಗಳು ಅನ್ನಲು ನನಗೆ ಬಾಯಿ ಬರುವುದಿಲ್ಲ.

“ಸೇವೆಗೆ ಸಂಬಳ ಕೇಳಿದರೆ ಅದು ಸೇವೆ ಹೇಗಾಗುತ್ತದೆ?” ಎಂದು ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಕೇಳುತ್ತಾರೆ. ಎನ್ನೆಸ್ಸೆಸ್ ಉದಾಹರಣೆ ಕೊಡುತ್ತಾರೆ. ಕೊಡಲಿ. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದ ವಿ.ಕೆ.ಆರ್.ವಿ. ರಾವ್ ಅದನ್ನು 37 ವಿಶ್ವವಿದ್ಯಾಲಯಗಳಲ್ಲಿ ಆರಂಭಿಸಿದರು. ಮೂರು ವರ್ಷಗಳ ನಂತರ ನಮ್ಮ ಬೆಂಗಳೂರಿನಲ್ಲೇ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರೂ ಅವರೇ. ಆದರೆ ಎನ್ನೆಸ್ಸೆಸ್ಸಿಗೆ ಸೇರುವವನು ತಾನಾಗಿ ಹೆಸರು ಕೊಡುತ್ತಾನೆ, ಶಿಬಿರದ ಊಟದ ಖರ್ಚಿಗೆ ಅನುದಾನ ಬರುತ್ತದೆ. ಮಾಡದಿದ್ದರೆ ಪದವಿಯೇ ಇಲ್ಲ ಎಂದು ಹೆದರಿಸಿ ಮಾಡಿಸಿಕೊಳ್ಳುವ ಕೆಲಸಕ್ಕೆ ಕನ್ನಡದಲ್ಲಿ ಸೇವೆ ಅನ್ನುವುದಿಲ್ಲ, ಬಿಟ್ಟಿ ಅನ್ನುತ್ತಾರೆ.

ಇನ್ನೂ ಒಂದು ಮಾತು. ಐಎಎಸ್ ಪಾಸಾದವರು ಮಸ್ಸೂರಿಯಿಂದ ಬಂದು ಸುಮಾರು ಒಂದು ವರ್ಷ ಜಿಲ್ಲಾ ತರಬೇತಿ ಪಡೆಯುತ್ತಾರೆ. ತಾಲ್ಲೂಕು ಕಚೇರಿಯಲ್ಲಿ ಕೂರುತ್ತಾರೆ, ಹಳ್ಳಿಗೆ ಹೋಗುತ್ತಾರೆ, ಕಡತ ಓದುವುದು ಕಲಿಯುತ್ತಾರೆ. ಯಾರ ಜೊತೆ ಎಷ್ಟು ದಿನ ಇರಬೇಕೆಂಬ ವೇಳಾಪಟ್ಟಿ ಇರುತ್ತದೆ, ಕಲಿಸುವ ಹೊಣೆ ಜಿಲ್ಲಾಧಿಕಾರಿಯ ಮೇಲಿರುತ್ತದೆ. ಅಷ್ಟೂ ದಿನ ಸಂಬಳ ಬರುತ್ತದೆ. ಸಂಬಳ ಬಂದದ್ದರಿಂದ ಅವರ ಸೇವಾಭಾವ ಕೆಟ್ಟಿತು ಎಂದು ಯಾರೂ ಹೇಳಿದ್ದಿಲ್ಲ. ಐಟಿಐ ಹುಡುಗ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆದರೆ 1961ರ ಕಾಯ್ದೆ ಅವನಿಗೆ ಭತ್ಯೆ ಕೊಡಿಸುತ್ತದೆ. 2024ರ ಜುಲೈ ಬಜೆಟ್ಟಿನಲ್ಲಿ ಬಂದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ದೊಡ್ಡ ಕಂಪನಿಗಳಲ್ಲಿ ಕಲಿಯುವವರಿಗೆ ತಿಂಗಳಿಗೆ 5,000 ರೂಪಾಯಿ ಗೊತ್ತುಮಾಡಿತು, ಅದರಲ್ಲಿ 4,500 ಸರ್ಕಾರದ್ದೇ. ಅಂದರೆ ಕಂಪನಿಯಲ್ಲಿ ಕಲಿಯುವವನಿಗೆ ಕೊಡಲು ಸರ್ಕಾರದ ಬಳಿ ದುಡ್ಡಿದೆ. ಸರ್ಕಾರದ್ದೇ ಕಚೇರಿಯಲ್ಲಿ ಕಟ್ಟು ಕಟ್ಟಿದ ನನ್ನ ಹುಡುಗರಿಗೆ ಸಿಕ್ಕಿದ್ದು ಒಂದು ಸೀಲು. ಸಕಾಲ ಕಾಯ್ದೆಯಡಿ ಅರ್ಜಿದಾರನ ಕೆಲಸ ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ ಕೇಳಬಹುದು. ದಿನವಿಡೀ ನಿಂತು ಕೆಲಸ ಮಾಡಿದವನಿಗೆ ಆ ಇಪ್ಪತ್ತೂ ಇಲ್ಲ.

ಹಾಗಾದರೆ ಇಂಟರ್ನ್‌ಶಿಪ್ಪೇ ಬೇಡವೇ? ಬೇಕು. ಈ ನಗರದಲ್ಲಿ ಎಂದಿಗಿಂತ ಹೆಚ್ಚು ಬೇಕು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಬಿಬಿಎಂಪಿಯೇ ಹೋಗಿ 2025ರಲ್ಲಿ ಐದು ಪಾಲಿಕೆಗಳಾದವು. ಯಾವ ಕೆಲಸಕ್ಕೆ ಯಾವ ಬಾಗಿಲು ತಟ್ಟಬೇಕೆಂದು ಓದಿದವರಿಗೇ ತಿಳಿಯದ ಕಾಲದಲ್ಲಿ, ಹೂವಿನಾಕೆಯ ಪ್ರಶ್ನೆಗೆ ಉತ್ತರ ಹುಡುಕಿಕೊಡಬಲ್ಲ ಹದಿನಾಲ್ಕು ಮಂದಿ ಸಣ್ಣ ಆಸ್ತಿಯಲ್ಲ.

ನಾನು ಕೇಳುವುದು ಮೂರೇ. ಒಂದು, ಭತ್ಯೆ. ಕೆಲಸವಿಲ್ಲದ ಪದವೀಧರರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ ಕೊಡುವ ರಾಜ್ಯ, ಕೆಲಸ ಮಾಡುವ ವಿದ್ಯಾರ್ಥಿಗೆ ಅದೇ ದರದಲ್ಲಾದರೂ ಕೊಡಲಿ. ಎರಡು, ಪ್ರತಿ ವಿದ್ಯಾರ್ಥಿಗೂ ಒಂದು ಅರ್ಜಿ. ಅದು ಟಪಾಲಿಗೆ ಬಿದ್ದ ದಿನದಿಂದ ಯಾರ ಮೇಜಿಗೆ ಹೋಯಿತು, ಎಲ್ಲಿ ನಿಂತಿತು, ಯಾಕೆ ನಿಂತಿತು ಎಂದು ಹಿಂಬಾಲಿಸಿ ಬರೆಯಲಿ. ಅರ್ಜಿದಾರರನ್ನೂ ಹೋಗಿ ಕಾಣಲಿ. ಮೂರು, ಆ ವರದಿಯನ್ನು ವಾರ್ಡ್ ಸಮಿತಿಯ ಸಭೆಯಲ್ಲಿ ಗಟ್ಟಿಯಾಗಿ ಓದಲಿ, ಹೂವು ಮಾರುವವರೂ ಅಲ್ಲಿ ಕೂತಿರಲಿ. ಅಂಕ ಕೊಡುವ ಮುಂಚೆ ನಾನೂ ಅಲ್ಲಿ ಕೂರುತ್ತೇನೆ. ನಮಗೆ ಕಲಿಸಲು ಪುರುಸೊತ್ತಿಲ್ಲ ಎನ್ನುವ ಕಚೇರಿ ಹಾಗೆಂದು ಕಾಗದದಲ್ಲಿ ಬರೆದುಕೊಡಲಿ. ಅಂಥಲ್ಲಿಗೆ ಮಕ್ಕಳನ್ನು ಕಳಿಸುವುದು ಬೇಡ.

ಈ ವರ್ಷದ ಖಾಲಿ ಡೈರಿಗಳು ನನ್ನ ಮೇಜಿಗೆ ಬಂದಿವೆ, 17. ಕಚೇರಿಗೆ ಮೊದಲ ದಿನ ಹೋಗುವ ಮುಂಚೆ ಎಲ್ಲರನ್ನೂ ಎಂಟನೇ ಕ್ರಾಸಿಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದೇನೆ. ಕೊನೆಯಲ್ಲಿ ಡೈರಿ ತಂದವರಿಗೆ ನನ್ನದು ಒಂದೇ ಪ್ರಶ್ನೆ: ಆಕೆಯ ಕಾರ್ಡ್ ಎಲ್ಲಿದೆ? ಉತ್ತರ ‘ಇನ್ನೂ ಬಂದಿಲ್ಲ ಸಾರ್, ಇಂಥವರ ಮೇಜಿನ ಮೇಲೆ ಇಂಥ ತಾರೀಖಿನಿಂದ ಇದೆ’ ಎಂದಿದ್ದರೂ ಸಾಕು, ಸಹಿ ಹಾಕುತ್ತೇನೆ. ‘ಕಾರ್ಯವೈಖರಿಯನ್ನು ಅರಿತುಕೊಂಡೆ’ ಎಂದಿದ್ದರೆ ಹಾಕುವುದಿಲ್ಲ. ಪ್ರಾಂಶುಪಾಲರಿಗೂ ಹೇಳಿಬಿಟ್ಟಿದ್ದೇನೆ.