ತಟ್ಟೆಗೆ ಬರುವ ಮೊದಲೇ

ಬೆಂಗಳೂರಿನ ಸೊಪ್ಪು ತರಕಾರಿಗಳಲ್ಲಿ ಸೀಸ, ಕ್ಯಾಡ್ಮಿಯಂ ಸಿಕ್ಕಿತೆಂಬ ವರದಿ ಬಂದಾಗಲೆಲ್ಲ ಚೆನ್ನಾಗಿ ತೊಳೆದು ತಿನ್ನಿ ಎಂಬ ಸಲಹೆಯೂ ಬೆನ್ನಿಗೇ ಬರುತ್ತದೆ. ತೊಳೆದರೆ ಎಲೆಗಂಟಿದ ಮಣ್ಣು, ಧೂಳು ಹೋಗುವುದು ನಿಜ. ಆದರೆ ಬೇರು ಹೀರಿ ಎಲೆಯೊಳಗೆ ಸೇರಿಸಿದ ಲೋಹ ಹೋಗದು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಲೋಹಕ್ಕೆ ಸಾವಿಲ್ಲ. ಹೀಗಿರುವಾಗ ಅದನ್ನು ತಡೆಯುವ ಹೊಣೆಯನ್ನು ಅಡುಗೆಮನೆಗೆ ದಾಟಿಸುವುದು ಅನ್ಯಾಯ, ನಿಷ್ಫಲವೂ ಹೌದು.

ಜಪಾನಿನ ಜಿನ್ಜು ನದಿಯ ಬಯಲು ಇದನ್ನು ಮೈಮೇಲೆ ಅನುಭವಿಸಿತು. ಮೇಲ್ಭಾಗದ ಕಾಮಿಯೋಕಾ ಗಣಿಯಲ್ಲಿ ಮಿತ್ಸುಯಿ ಕಂಪನಿ ಸತು, ಸೀಸ ತೆಗೆಯುತ್ತಿತ್ತು. ಅದಿರಿನ ಕಸದಲ್ಲಿದ್ದ ಕ್ಯಾಡ್ಮಿಯಂ ಹೊಳೆಗೆ, ಹೊಳೆಯಿಂದ ಗದ್ದೆಗೆ, ಗದ್ದೆಯಿಂದ ಅಕ್ಕಿಗೆ ಬಂತು. ಮೂತ್ರಪಿಂಡದಲ್ಲಿ ಸೇರಿದ ಕ್ಯಾಡ್ಮಿಯಂನಲ್ಲಿ ಅರ್ಧದಷ್ಟು ಹೊರಹೋಗಲು 10ರಿಂದ 30 ವರ್ಷ ಬೇಕು. ಅಷ್ಟರಲ್ಲಿ ಮೂತ್ರಪಿಂಡ ಕೆಟ್ಟು, ಮೂಳೆಯ ಸಾರ ಸೋರಿಹೋಗುತ್ತದೆ. ಹೆಚ್ಚಾಗಿ ಹಲವು ಮಕ್ಕಳನ್ನು ಹೆತ್ತ, ನಡುವಯಸ್ಸು ದಾಟಿದ ಹೆಂಗಸರೇ ಹಾಸಿಗೆ ಹಿಡಿದರು; ಕೆಮ್ಮಿದರೂ ಮೂಳೆ ಮುರಿಯುತ್ತಿತ್ತು. ಅವರ ನರಳಾಟವೇ ಕಾಯಿಲೆಗೆ ಇತಾಯ್-ಇತಾಯ್ (ನೋವು, ನೋವು) ಎಂಬ ಹೆಸರಾಯಿತು. ಊರಿನ ವೈದ್ಯ ನೊಬೊರು ಹಗಿನೊ ಗಣಿಯತ್ತ ಬೆರಳು ತೋರಿದಾಗ ಊರವರಿಗೂ ಅದು ಹಿಡಿಸಲಿಲ್ಲ. ಸುದ್ದಿ ಹಬ್ಬಿದರೆ ಅಕ್ಕಿ ಮಾರಾಟವಾಗದು, ಊರಿಗೆ ಹೆಣ್ಣು ಕೊಡುವವರೂ ಇರರು ಎಂಬ ಭಯ. ಸರ್ಕಾರ ಕಾರಣವನ್ನು ಒಪ್ಪಿದ್ದು 1968ರಲ್ಲಿ.

ಆ ಭಯ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಬೆಂಗಳೂರಿನ ವೃಷಭಾವತಿ ಹೊಳೆಯ ಕೊಳಚೆ ತುಂಬಿದ ಬೈರಮಂಗಲ ಕೆರೆಯ ಕೆಳಗೆ ಸೊಪ್ಪು ಬೆಳೆಯುವವರು ಆ ನೀರನ್ನು ಆಸೆಪಟ್ಟು ಆರಿಸಿಕೊಂಡವರಲ್ಲ. ನಗರದ ಬಚ್ಚಲು, ಕಾರ್ಖಾನೆಗಳು ಹರಿಸಿದ್ದೇ ಅವರ ಪಾಲಿಗೆ ಬಂದದ್ದು. ಅವರ ಸೊಪ್ಪು ವಿಷವೆಂದು ಸಾರಿದರೆ ಮೊದಲ ಪೆಟ್ಟು ಅವರ ಹೊಟ್ಟೆಗೆ. ಕೊಳವೆಯ ಆ ತುದಿಯಲ್ಲಿರುವವರಿಗೆ ಏನೂ ಆಗುವುದಿಲ್ಲ.

ಹೊಲದಲ್ಲೇ ಸರಿಮಾಡಿಕೊಳ್ಳಲಿ ಎನ್ನುವುದೂ ಸುಲಭದ ಮಾತಲ್ಲ. ಭತ್ತದ ತೆನೆ ಕಟ್ಟುವಾಗ ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಕ್ಯಾಡ್ಮಿಯಂ ಮಣ್ಣಿನಲ್ಲೇ ಕಟ್ಟಿಬಿದ್ದು ಅಕ್ಕಿಗೆ ಕಡಿಮೆ ಏರುತ್ತದೆ. ಆದರೆ ನಿಂತ ನೀರಿನಲ್ಲಿ ಮಣ್ಣಿನ ಆರ್ಸೆನಿಕ್ ಕರಗಿ ಮೇಲೇಳುತ್ತದೆ. ಒಂದನ್ನು ಕಟ್ಟಿದರೆ ಇನ್ನೊಂದು ಬಿಚ್ಚಿಕೊಳ್ಳುತ್ತದೆ. ಜಿನ್ಜು ಬಯಲಿನಲ್ಲಿ ಕೊನೆಗೆ ಕೆಟ್ಟ ಮಣ್ಣನ್ನು ಅಡಿಗೆ ಹೂತು, ಮೇಲೆ ಹೊಸ ಮಣ್ಣು ಹಾಸಿದರು. ಸುಮಾರು 860 ಹೆಕ್ಟೇರಿನ ಆ ಕೆಲಸ ಮುಗಿದದ್ದು 2012ರಲ್ಲಿ. ಇಷ್ಟಾದರೂ ಲೋಹ ಅಲ್ಲೇ ಇದೆ, ಬೇರಿಗೆ ಎಟುಕದಂತೆ, ಅಷ್ಟೇ.

ಕಾರ್ಖಾನೆಯವರು ಕೊಳಚೆ ಶುದ್ಧೀಕರಣದ ಖರ್ಚನ್ನು ಹೊರೆ ಎನ್ನುತ್ತಾರೆ. ಆ ಖರ್ಚು ಉಳಿದದ್ದೇ ಇಲ್ಲ. ಅದು ಹೊಳೆಯಲ್ಲಿ ಹರಿದು ಮತ್ತೊಬ್ಬರ ಮೂತ್ರಪಿಂಡದಲ್ಲಿ ಜಮೆಯಾಗುತ್ತದೆ.

ಜಿನ್ಜುವಿನ ಜನ ನ್ಯಾಯಾಲಯದಲ್ಲಿ ಗೆದ್ದು ಪರಿಹಾರ ಪಡೆದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1972ರಲ್ಲಿ ಅವರು ಕಂಪನಿಯಿಂದ ಬರೆಸಿಕೊಂಡ ಒಪ್ಪಂದ. ಅದರಂತೆ ನಿವಾಸಿಗಳು ತಾವೇ ಆರಿಸಿದ ವಿಜ್ಞಾನಿಗಳೊಂದಿಗೆ ಗಣಿಯ ಒಳಗೆ ಹೋಗಿ ತಪಾಸಣೆ ಮಾಡಬಹುದು, ಖರ್ಚು ಕಂಪನಿಯದು. ವರ್ಷವರ್ಷವೂ ಅವರು ಹೋದರು. ನದಿಯಲ್ಲಿ ಕ್ಯಾಡ್ಮಿಯಂ ಇಳಿಯುತ್ತಾ ಬಂತು. ಬೈರಮಂಗಲದ ಬೆಳೆಗಾರರಿಗೂ ಮೇಲ್ಭಾಗದ ಕಾರ್ಖಾನೆಗಳ ಗೇಟು ದಾಟಿ, ತಮ್ಮ ತಜ್ಞರೊಂದಿಗೆ, ಹೊರಬೀಳುವ ನೀರನ್ನು ಪರೀಕ್ಷಿಸುವ ಹಕ್ಕು ಕಾನೂನಿನಲ್ಲೇ ಸಿಗಬೇಕು.