ಹುಳುವಿನ ತಲೆಗೆ ಎಷ್ಟು ಭಾರ?

ಶಾಲೆಗೆ ಚಕ್ಕರ್ ಹಾಕಿ ಕೆರೆ ಏರಿಯ ಮೇಲೆ ಕುಳಿತು ಗಾಳ ಹಾಕುವ ಹುಡುಗನ ಬೆನ್ನಿಗೆ ಮನೆಯಲ್ಲಿ ಏನು ಕಾದಿರುತ್ತದೆ ಎಂಬುದನ್ನು ಕರ್ನಾಟಕದ ಯಾವ ಊರಿನವರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಮಾತ್ರ ಅಂಥ ಹುಡುಗನಿಗೆ ಶಾಲೆಯ ಹೆಸರಿರುವ ಅಂಗಿ ತೊಡಿಸಿ, ಜೊತೆಗೊಬ್ಬ ಕೋಚ್ ಕೊಟ್ಟು, ದೋಣಿ ಹತ್ತಿಸಿ ಕಳಿಸುತ್ತಾರೆ. ಆ ರಾಜ್ಯದ ಪ್ರೌಢಶಾಲಾ ಕ್ರೀಡಾ ಸಂಸ್ಥೆ 2009ರಲ್ಲಿ ಬ್ಯಾಸ್ ಎಂಬ ಮೀನು ಹಿಡಿಯುವುದನ್ನು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗಳ ಸಾಲಿಗೆ ಸೇರಿಸಿ, ಕಾರ್ಲೈಲ್ ಸರೋವರದಲ್ಲಿ ಮೊದಲ ರಾಜ್ಯಮಟ್ಟದ ಪಂದ್ಯ ನಡೆಸಿತು. ಕೆಲವೇ ವರ್ಷಗಳಲ್ಲಿ ಕೆಂಟಕಿಯೂ ಅದೇ ದಾರಿ ಹಿಡಿಯಿತು. ಹಿಡಿದ ಮೀನನ್ನು ತೂಗಿ, ಜೀವಂತವಾಗಿಯೇ ನೀರಿಗೆ ಬಿಡುವುದು ಇಂಥ ಪಂದ್ಯಗಳ ಪದ್ಧತಿ. ಸಾರಿಗೆಂದು ಒಂದೂ ಮನೆಗೆ ಬರುವುದಿಲ್ಲ.

ಪಂದ್ಯಕ್ಕೆ ಹೆಸರು ಕೊಟ್ಟ ಮಗನನ್ನೋ ಮಗಳನ್ನೋ ಕರೆದುಕೊಂಡು ಗಾಳದ ಅಂಗಡಿಗೆ ಹೋದ ತಂದೆಯ ತಲೆ ಮೊದಲು ತಿರುಗುವುದು ಕೋಲಿನ ಬೆಲೆ ಕೇಳಿಯಲ್ಲ, ಒಂದು ಗೋಡೆಯನ್ನು ನೋಡಿ. ನೆಲದಿಂದ ಎತ್ತರದವರೆಗೆ ನೇತು ಹಾಕಿದ ಸಣ್ಣ ಸಣ್ಣ ಪೊಟ್ಟಣಗಳು. ಪ್ರತಿಯೊಂದರಲ್ಲೂ ನಾಲ್ಕೈದು ಗಾಳಗಳು. ಪ್ರತಿ ಗಾಳದ ಕುತ್ತಿಗೆಗೆ ಒಂದು ಲೋಹದ ಉಂಡೆ. ಇವೇ ಜಿಗ್ ಹೆಡ್‌ಗಳು. ನಮ್ಮ ಊರುಗಳಲ್ಲಿ ತಂಗೂಸಿಗೆ ಗಾಳ ಒಂದು ಕಡೆ, ಸೀಸದ ಗುಂಡು ಇನ್ನೊಂದು ಕಡೆ ಕಟ್ಟುವುದು ರೂಢಿ. ಜಿಗ್ ಹೆಡ್‌ನಲ್ಲಿ ಅವೆರಡೂ ಒಂದೇ ಆಗಿಹೋಗಿವೆ. ಗಾಳಕ್ಕೆ ಚುಚ್ಚಿದ ಹುಳುವಿಗೆ ಆ ಉಂಡೆಯೇ ತಲೆ. ಅದರ ತೂಕ, ಆಕಾರ, ಗಾಳದ ದಪ್ಪ, ಲೋಹ, ಬಣ್ಣ ಹೀಗೆ ಒಂದೊಂದೂ ಬೇರೆಯಾಗುತ್ತ ಹೋಗಿ ಗೋಡೆ ತುಂಬುತ್ತದೆ.

ಹುಳುವೆಂದರೂ ಅದು ಎರೆಹುಳುವಲ್ಲ, ಮೆತ್ತನೆಯ ಪ್ಲಾಸ್ಟಿಕ್ಕಿನದು. ಒಹಾಯೋ ರಾಜ್ಯದ ಆಕ್ರನ್ ನಗರದ ನಿಕ್ ಕ್ರೀಮ್ ಎಂಬಾತ 1949ರಲ್ಲಿ ಮನೆಯ ಅಡಿಗೆ ಒಲೆಯ ಮೇಲೆ ಇದನ್ನು ಕಾಯಿಸಿ ಎರಕ ಹೊಯ್ದ. ಹೆಂಡತಿಯೂ ಈ ಕೆಲಸದಲ್ಲಿ ಪಾಲುದಾರಳು. ಅಲ್ಲಿಂದ ಮುಂದೆ ಅಮೆರಿಕದ ಬ್ಯಾಸ್ ಹಿಡಿಯುವವರ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಹುಳು ಇಲ್ಲದಿದ್ದರೆ ಅದು ಪೆಟ್ಟಿಗೆಯೇ ಅಲ್ಲ ಎನ್ನುವಂತಾಯಿತು.

ಮೀನು ಹೆಚ್ಚು, ಹಿಡಿಯುವವರು ಕಡಿಮೆ ಇದ್ದಾಗ ದೊಡ್ಡ ಹುಳು, ದಪ್ಪ ದಾರ, ಗಟ್ಟಿ ಕೋಲು ಸಾಕಾಗುತ್ತಿತ್ತು. ದಿನಕ್ಕೆ ಇಪ್ಪತ್ತು ದೋಣಿ ತಲೆಯ ಮೇಲೆ ಹಾದುಹೋಗುವ ಸರೋವರದ ಮೀನು ಹಾಗಲ್ಲ, ಅದು ಕಲಿತುಬಿಟ್ಟಿರುತ್ತದೆ. ಆ ಮೀನಿಗಾಗಿ ಬಂದದ್ದು ‘ಫಿನೆಸ್’ ವಿಧಾನ. ಅಂದರೆ ನಾಜೂಕು: ಸಣ್ಣ ಹುಳು, ಎರಡೂವರೆ ಮೂರು ಕಿಲೋ ಭಾರಕ್ಕೆ ತುಂಡಾಗುವ ತೆಳು ದಾರ, ಹಗುರ ತಲೆ. ಕನ್ಸಾಸ್ ರಾಜ್ಯದ ಬರಹಗಾರ ನೆಡ್ ಕೇಹ್ಡಿ ಇದನ್ನು ವರ್ಷಗಟ್ಟಲೆ ಪ್ರಯೋಗಿಸಿ ಬರೆದುದರಿಂದ, ಅಣಬೆಯಾಕಾರದ ತಲೆಗೆ ಮೋಟು ಹುಳು ಚುಚ್ಚುವ ಕ್ರಮಕ್ಕೆ ‘ನೆಡ್ ರಿಗ್’ ಎಂಬ ಹೆಸರೇ ನಿಂತಿದೆ. ಐದಂಗುಲದ ಹುಳುವನ್ನು ಬ್ಲೇಡಿನಿಂದ ಅರ್ಧ ಮಾಡಿ ಎರಡು ಸಲ ಉಪಯೋಗಿಸುವುದು ಈ ವಿಧಾನದ ಹಳೆಯ ಉಪಾಯ. ತಂದೆತಾಯಿಗಳಿಗೆ ಇದಕ್ಕಿಂತ ಒಪ್ಪಿಗೆಯಾಗುವ ಆಟ ಸಿಗುವುದು ಕಷ್ಟ.

ಆಯ್ಕೆಯ ವಿಷಯದಲ್ಲಿ ಮೊದಲ ಪ್ರಶ್ನೆ ತೂಕ. ಅಲ್ಲಿಯ ಲೆಕ್ಕ ಇನ್ನೂ ಔನ್ಸಿನದು. ಒಂದು ಔನ್ಸ್ ಎಂದರೆ 28.35 ಗ್ರಾಂ. ನೆಡ್ ರಿಗ್‌ಗೆ ಹೆಚ್ಚಾಗಿ ಬಳಸುವ 1/16 ಔನ್ಸಿನ ತಲೆ 1.8 ಗ್ರಾಂ ಕೂಡ ತೂಗುವುದಿಲ್ಲ. 1/32 ಔನ್ಸಿನದು ಒಂದು ಗ್ರಾಂಗಿಂತಲೂ ಕಡಿಮೆ. ಹೊಸದಾಗಿ ಕಲಿಯುವ ಹುಡುಗರಿಗೆ ಇದು ನಂಬಿಕೆಗೆ ಬರುವುದಿಲ್ಲ. ಭಾರವಿದ್ದರೆ ದೂರ ಹೋಗುತ್ತದೆ, ತಳ ಮುಟ್ಟಿದ್ದು ಕೈಗೆ ತಿಳಿಯುತ್ತದೆ ಎಂದು ಅವರು ಭಾರದ್ದನ್ನೇ ಆರಿಸುತ್ತಾರೆ. ಕೇಹ್ಡಿ ಮತ್ತು ಅವರ ಜೊತೆಯವರು ಹೇಳುವುದು ಇದಕ್ಕೆ ನೇರ ವಿರುದ್ಧ: ದಾರದ ಕೊನೆಯಲ್ಲಿ ಏನೋ ಇದೆ ಎಂದು ಕೈಗೆ ಅನ್ನಿಸಲೇಬಾರದು.

ಇದಕ್ಕೆ ಕಾರಣ ಮೀನಿನ ಬಾಯಲ್ಲಿದೆ. ಬ್ಯಾಸ್ ನಾಯಿಯಂತೆ ಕಚ್ಚಿ ಹಿಡಿಯುವ ಪ್ರಾಣಿಯಲ್ಲ. ಅದು ದೊಡ್ಡ ಬಾಯಿಯನ್ನು ತಟ್ಟನೆ ತೆರೆಯುತ್ತದೆ, ಬಾಯೊಳಗೆ ಒತ್ತಡ ಕುಸಿಯುತ್ತದೆ, ಎದುರಿನ ನೀರು ಒಳನುಗ್ಗುತ್ತದೆ, ನೀರಿನೊಡನೆ ಎದುರಿದ್ದ ಮರಿಮೀನೋ ಹುಳುವೋ ಒಳಗೆ ಹೋಗುತ್ತದೆ. ಹಗುರವಾದ ವಸ್ತು ನೀರಿನ ಜೊತೆ ಸಲೀಸಾಗಿ ಹೋದೀತು; ಭಾರದ್ದು ಹಿಂದೆ ಉಳಿದೀತು. ಇನ್ನೊಂದು ಸಂಗತಿ: ಹುಳು ಮೇಲಿನಿಂದ ಕೆಳಗೆ ಇಳಿಯುತ್ತಿರುವಾಗಲೇ ಬ್ಯಾಸ್ ಅನೇಕ ಸಲ ಅದನ್ನು ಹಿಡಿಯುತ್ತದೆ. ದುಡುಂ ಎಂದು ಬಿದ್ದರೆ ನೋಡಲು ಅದಕ್ಕೆ ಸಮಯವೇ ಇರುವುದಿಲ್ಲ. ಆದ್ದರಿಂದ ಒಂದಾಳು ಒಂದೂವರೆ ಆಳು ನೀರಿದ್ದು ಗಾಳಿ ಇಲ್ಲದ ದಿನ 1/16 ಔನ್ಸ್ ಧಾರಾಳವಾಯಿತು. ಗಾಳಿ ಬೀಸತೊಡಗಿದರೆ ದಾರ ಬಿಲ್ಲಿನಂತೆ ಬಾಗಿ ಹುಳುವನ್ನು ಎಳೆದೊಯ್ಯುತ್ತದೆ. ಆಗ, ಅಥವಾ ನೀರು ಆಳವಾಗಿದ್ದಾಗ, 1/8 ಔನ್ಸಿಗೆ ಹೋಗುವುದು ಅನಿವಾರ್ಯ. ಉದ್ದ ಹುಳುವನ್ನು ತಳದಲ್ಲಿ ನಿಲ್ಲಿಸಿ ನಡುಗಿಸುವ ‘ಶೇಕಿ ಹೆಡ್’ ಎಂಬ ಇನ್ನೊಂದು ಬಗೆಗೆ 1/8 ಅಥವಾ 3/16 ಔನ್ಸಿನ ತಲೆ ಬೇಕಾಗುತ್ತದೆ. ಅದೂ ನಾಜೂಕಿನ ವಿಧಾನವೇ, ತುಸು ದಪ್ಪ ಚರ್ಮದ್ದು.

ಆಕಾರದ ವಿಷಯದಲ್ಲಿ ಅಂಗಡಿಯವರು ಹೇಳುವುದನ್ನೆಲ್ಲ ಕೇಳಬೇಕಾಗಿಲ್ಲ. ಅಣಬೆ ತಲೆಯ ಹಿಂಭಾಗ ಚಪ್ಪಟೆಯಾಗಿರುವುದರಿಂದ ಹುಳುವಿನ ಕತ್ತರಿಸಿದ ತುದಿಗೆ ಸರಿಯಾಗಿ ಕೂಡಿಕೊಳ್ಳುತ್ತದೆ. ತಲೆ ಎಲ್ಲಿ ಮುಗಿಯಿತು, ಮೈ ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಹುಳು ತೇಲುವ ಪ್ಲಾಸ್ಟಿಕ್ಕಿನದಾದರೆ ತಲೆ ತಳದಲ್ಲಿ ಕುಳಿತು ಬಾಲ ಮೇಲಕ್ಕೆ ನಿಂತು ತೂಗಾಡುತ್ತದೆ. ಉಪ್ಪು ಬೆರೆಸಿದ ಪ್ಲಾಸ್ಟಿಕ್ ಮುಳುಗುತ್ತದೆ, ಅದರಲ್ಲಿ ಈ ಆಟ ನಡೆಯದು. ಕಲ್ಲು ಹಾಸಿನ ತಳಕ್ಕೆ ಅಡ್ಡ ಉದ್ದನೆಯ ಫುಟ್‌ಬಾಲ್ ತಲೆ ಒಳ್ಳೆಯದು, ಕಲ್ಲಿನ ಸಂದಿಗೆ ಅಷ್ಟಾಗಿ ಸಿಕ್ಕಿಕೊಳ್ಳುವುದಿಲ್ಲ. ಪಾಚಿ, ಜೊಂಡು ಇರುವಲ್ಲಿ ಮೊನಚು ತಲೆ, ಅದರಲ್ಲೂ ದಾರ ಕಟ್ಟುವ ಕಣ್ಣು ಮುಂದಕ್ಕೆ ಬಾಗಿದ್ದರೆ ಎಲೆಗಳ ನಡುವೆ ನುಸುಳಿ ಬರುತ್ತದೆ. ಕಣ್ಣು ನೆಟ್ಟಗೆ ಮೇಲಕ್ಕಿದ್ದರೆ ಹುಳು ನೀರಿನಲ್ಲಿ ಅಡ್ಡಡ್ಡ ತೂಗುತ್ತದೆ. ಬಣ್ಣದ ಮಾತು ಬಿಟ್ಟುಬಿಡಬಹುದು. ಬಣ್ಣ ಮೀನಿಗಿಂತ ಗಿರಾಕಿಯನ್ನು ಹಿಡಿಯುವುದೇ ಹೆಚ್ಚು.

ಗಾಳದ ನಂಬರು ಮಾತ್ರ ಮಕ್ಕಳನ್ನು ಪೇಚಿಗೆ ಸಿಕ್ಕಿಸುತ್ತದೆ. 6, 4, 2, 1 ಎಂದು ಸಂಖ್ಯೆ ಇಳಿದಂತೆಲ್ಲ ಗಾಳ ದೊಡ್ಡದಾಗುತ್ತದೆ. ಅಲ್ಲಿಂದ ಮುಂದೆ 1/0, 2/0, 3/0 ಎಂದು ಸಂಖ್ಯೆ ಏರಿದಂತೆ ದೊಡ್ಡದಾಗುತ್ತದೆ. ಗಣಿತದ ಮೇಷ್ಟರು ಒಪ್ಪುವ ಕ್ರಮವಲ್ಲ, ಆದರೆ ಎಲ್ಲರೂ ಅದಕ್ಕೆ ಒಗ್ಗಿದ್ದಾರೆ. ಮೋಟು ಹುಳುವಿಗೆ 2, 1 ಅಥವಾ 1/0 ಸಾಕು. ತಂತಿ ತೆಳ್ಳಗಿರಬೇಕು. ತೆಳು ದಾರದಲ್ಲಿ ಜೋರಾಗಿ ಜಗ್ಗುವಂತಿಲ್ಲವಾದ್ದರಿಂದ, ಮೆಲ್ಲನೆ ಎಳೆದರೂ ಬಾಯಿಗೆ ನಾಟುವ ಗಾಳ ಬೇಕು. ತೆಳು ತಂತಿಯ ಇನ್ನೊಂದು ಗುಣವೆಂದರೆ ಮರದ ಬೇರಿಗೆ ಸಿಕ್ಕಿಬಿದ್ದಾಗ ಎಳೆದರೆ ಅದು ನೆಟ್ಟಗಾಗಿ ಬಿಡಿಸಿಕೊಂಡು ಬರುವ ಸಂಭವ ಹೆಚ್ಚು. ಮತ್ತೆ ಇಕ್ಕಳದಿಂದ ಬಾಗಿಸಿಕೊಳ್ಳಬಹುದು. ದಪ್ಪ ತಂತಿಯದಾದರೆ ದಾರ ಹರಿಯುತ್ತದೆ, ಜಿಗ್ ಹೆಡ್ ನೀರಿನ ಪಾಲಾಗುತ್ತದೆ.

ಹೀಗೆ ನೀರಿನ ಪಾಲಾದದ್ದು ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅಂಗಡಿಯ ಗೋಡೆ ಕೇಳುವುದಿಲ್ಲ. ಬಹುಕಾಲದಿಂದ ಈ ತಲೆಗಳನ್ನು ಮಾಡುತ್ತ ಬಂದಿರುವುದು ಸೀಸದಿಂದ. ಅಗ್ಗ, ಭಾರ, 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಯಾವ ಅಚ್ಚಿಗೂ ಬಗ್ಗುತ್ತದೆ. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಸರೋವರಗಳಲ್ಲಿ ಬೇಸಿಗೆ ಕಳೆಯುವ ಲೂನ್ ಎಂಬ ನೀರುಹಕ್ಕಿಯಿದೆ. ಕೆನಡಾ ದೇಶದ ಒಂದು ಡಾಲರ್ ನಾಣ್ಯದ ಮೇಲೆ 1987ರಿಂದ ಇರುವ ಹಕ್ಕಿ ಅದೇ. ತಿಂದ ಮೀನಿನ ಮುಳ್ಳು ಅರೆಯಲು ಅದು ಕೆರೆತಳದ ಸಣ್ಣ ಕಲ್ಲುಗಳನ್ನು ನುಂಗುತ್ತದೆ. ಕಲ್ಲಿನ ಜೊತೆ ಸೀಸದ ತಲೆಯೂ ಹೋಗುತ್ತದೆ. ದಾರ ಹರಿದುಕೊಂಡು ಹೋದ ಮೀನನ್ನು ಹಿಡಿದಾಗ ಬಾಯಲ್ಲಿದ್ದ ಜಿಗ್ ಹೆಡ್ ಸಮೇತ ಹೊಟ್ಟೆ ಸೇರುತ್ತದೆ. ಹೊಟ್ಟೆಯಲ್ಲಿ ಕಲ್ಲುಗಳ ಉಜ್ಜಾಟ ಒಂದು ಕಡೆ, ಆಮ್ಲ ಇನ್ನೊಂದು ಕಡೆ. ಎರಡರಿಂದ ನಾಲ್ಕು ವಾರದೊಳಗೆ ಹಕ್ಕಿ ಸಾಯುತ್ತದೆ. ಅದಕ್ಕೆ ಒಂದು ಜಿಗ್ ಹೆಡ್ ಸಾಕು. ಆ ರಾಜ್ಯದಲ್ಲಿ ಬೆಳೆದ ಲೂನ್‌ಗಳ ಸಾವಿಗೆ ಗೊತ್ತಾಗಿರುವ ಕಾರಣಗಳಲ್ಲಿ ಮೊದಲನೆಯದು ಗಾಳದ ಸೀಸವೇ. ಐದಾರು ವರ್ಷವಾಗುವವರೆಗೆ ಮರಿ ಮಾಡದ, ಮಾಡಿದರೂ ಸಲಕ್ಕೆ ಒಂದೆರಡೇ ಮರಿ ಮಾಡುವ ಹಕ್ಕಿ ಅದು.

ಇಂಗ್ಲೆಂಡಿನವರು ಇದೇ ಪಾಠವನ್ನು ಹಂಸಗಳಿಂದ ಕಲಿತು 1987ರಲ್ಲಿ ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿದರು. ಕೆನಡಾ 1997ರಲ್ಲಿ ತನ್ನ ರಾಷ್ಟ್ರೀಯ ಉದ್ಯಾನಗಳಲ್ಲಿ ನಿಲ್ಲಿಸಿತು. ನ್ಯೂ ಹ್ಯಾಂಪ್‌ಶೈರ್ ಹಂತಹಂತವಾಗಿ ಬಿಗಿ ಮಾಡುತ್ತ, 2016ರ ಜೂನ್‌ನಿಂದ ಒಂದು ಔನ್ಸ್ ಮತ್ತು ಅದಕ್ಕಿಂತ ಕಡಿಮೆ ತೂಕದ ಸೀಸದ ಜಿಗ್‌ಗಳ ಮಾರಾಟವನ್ನೂ ಸಿಹಿನೀರಿನಲ್ಲಿ ಅವುಗಳ ಬಳಕೆಯನ್ನೂ ನಿಷೇಧಿಸಿತು. ಮೇಲೆ ಬಣ್ಣ ಬಳಿದಿದೆ ಎಂಬುದು ಸಮಾಧಾನವಲ್ಲ. ಕಲ್ಲಿನ ನಡುವೆ ಬಣ್ಣ ಎಷ್ಟು ದಿನ ಉಳಿದೀತು?

ಸೀಸ ಬಿಟ್ಟರೆ ಟಂಗ್‌ಸ್ಟನ್, ಬಿಸ್ಮತ್, ತವರ ಇವೆ. ಹಳೆಯ ಬಲ್ಬಿನೊಳಗೆ ಕೆಂಪಗೆ ಕಾಯುತ್ತಿದ್ದ ತಂತಿಯೇ ಟಂಗ್‌ಸ್ಟನ್. 3,400 ಡಿಗ್ರಿ ದಾಟಿದ ಮೇಲೆ ಕರಗುವುದರಿಂದ ಎರಕ ಹೊಯ್ಯಲಾಗದು. ಪುಡಿಯನ್ನು ಒತ್ತಿ, ಕಾಯಿಸಿ ಗಟ್ಟಿ ಮಾಡುತ್ತಾರೆ. ಬೆಲೆ ಸೀಸದ ಹಲವು ಪಟ್ಟು. ಗಟ್ಟಿ ಲೋಹವಾದ್ದರಿಂದ ಕಲ್ಲಿಗೆ ತಾಗಿದ್ದು ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ, ಗಾತ್ರ ಚಿಕ್ಕದು ಎಂದು ಅಂಗಡಿಯವರು ಹೊಗಳುತ್ತಾರೆ. ಎಷ್ಟು ಚಿಕ್ಕದು ಎಂಬುದನ್ನು ಒಂಬತ್ತನೇ ಕ್ಲಾಸಿನ ವಿದ್ಯಾರ್ಥಿಯೇ ಲೆಕ್ಕ ಹಾಕಬಹುದು. ಘನ ಸೆಂಟಿಮೀಟರಿಗೆ ಸೀಸ 11.3 ಗ್ರಾಂ, ಟಂಗ್‌ಸ್ಟನ್ 19.3, ಬಿಸ್ಮತ್ 9.8, ತವರ 7.3. 1/8 ಔನ್ಸಿನ ದುಂಡು ತಲೆಯ ಅಡ್ಡಳತೆ ಸೀಸದಲ್ಲಿ 8.4 ಮಿಲಿಮೀಟರ್, ಶುದ್ಧ ಟಂಗ್‌ಸ್ಟನ್ನಿನಲ್ಲಿ 7, ತವರದಲ್ಲಿ 9.7. ಸಾಂದ್ರತೆಯಲ್ಲಿ ಅಷ್ಟು ದೊಡ್ಡ ಅಂತರವಿದ್ದರೂ ಅಳತೆಯಲ್ಲಿ ಒಂದೂಕಾಲು, ಒಂದೂವರೆ ಮಿಲಿಮೀಟರಿನ ವ್ಯತ್ಯಾಸ. ಗಾತ್ರ ತುಸು ಹೆಚ್ಚಾದಂತೆ ತವರದ ತಲೆ ನೀರಿನಲ್ಲಿ ತುಸು ನಿಧಾನ ಇಳಿಯುತ್ತದೆ. ನಾಜೂಕು ವಿಧಾನಕ್ಕೆ ಬೇಕಾಗಿರುವುದೂ ಆ ನಿಧಾನವೇ ಅಲ್ಲವೆ? ಆಳ ನೀರಿಗೆ, ಭಾರದ ತಲೆಗೆ ಸೀಸವೇ ಬೇಕೆಂದು ಯಾರಾದರೂ ವಾದಿಸಿದರೆ ಕೇಳಬಹುದು. 1/16 ಔನ್ಸಿನಲ್ಲಿ ಆ ವಾದಕ್ಕೆ ನೆಲೆಯಿಲ್ಲ. ಹಕ್ಕಿಯ ಗಂಟಲಿಗೆ ಸಲೀಸಾಗಿ ಇಳಿಯುವುದೂ ಈ ಸಣ್ಣ ಗಾತ್ರವೇ.

ಇನ್ನು ಹಕ್ಕಿಯ ಮಾತು ಬದಿಗಿಡೋಣ. ಅಮೆರಿಕದಲ್ಲಿ ಅನೇಕ ತಂದೆಯರು ಹಣ ಉಳಿಸಲು ಅಚ್ಚು ತಂದು ಮನೆಯಲ್ಲೇ ಸೀಸ ಕರಗಿಸಿ ಜಿಗ್ ಹೆಡ್ ಮಾಡುತ್ತಾರೆ, ಮಕ್ಕಳು ಪಕ್ಕದಲ್ಲಿ ನಿಂತು ನೋಡುತ್ತಾರೆ. ಕರಗಿದ ಸೀಸದ ಹೊಗೆ, ನೆಲಕ್ಕೆ ಬಿದ್ದ ಪುಡಿ, ಅಂಗಿಗೆ ಅಂಟಿದ ದೂಳು ಎಲ್ಲವೂ ಮನೆಯೊಳಗೆ ಬರುತ್ತವೆ. ಸಣ್ಣ ಮಕ್ಕಳ ಮೈ ದೊಡ್ಡವರಿಗಿಂತ ಹೆಚ್ಚು ಸೀಸವನ್ನು ಹೀರಿಕೊಳ್ಳುತ್ತದೆ. ಪೆಟ್ಟು ಬೀಳುವುದು ಬೆಳೆಯುವ ಮಿದುಳಿಗೆ, ಕಲಿಕೆಗೆ. ಮಕ್ಕಳ ರಕ್ತದಲ್ಲಿ ಎಷ್ಟು ಸೀಸ ಕಂಡರೆ ಎಚ್ಚರಗೊಳ್ಳಬೇಕು ಎಂಬ ಗೆರೆಯನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2012ರಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂಗೆ, 2021ರಲ್ಲಿ 3.5ಕ್ಕೆ ಇಳಿಸಿತು. ಇಷ್ಟರವರೆಗೆ ಅಪಾಯವಿಲ್ಲ ಎನ್ನುವ ಮಟ್ಟ ಯಾವುದೂ ಇಲ್ಲ.

ಈ ವಿಷಯ ಬೆಂಗಳೂರಿಗೆ ಹೊಸದಲ್ಲ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ಬೆನ್ನು ಹತ್ತಿ ವರ್ಷಗಟ್ಟಲೆ ಕೆಲಸ ಮಾಡಿದರು. 1999ರಲ್ಲಿ ಇದಕ್ಕಾಗಿಯೇ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮರುವರ್ಷ, 2000ದಲ್ಲಿ, ದೇಶದ ಪೆಟ್ರೋಲಿನಿಂದ ಸೀಸ ಹೊರಗೆ ಹೋಯಿತು. ಬೀಸುಬಲೆಯ ಅಂಚಿನ ಸೀಸದ ಮಣಿ, ತಂಗೂಸಿಗೆ ಸಿಕ್ಕಿಸುವ ಸೀಳುಗುಂಡು ಮಾತ್ರ ಹಾಗೆಯೇ ಉಳಿದಿವೆ. ಸೀಳುಗುಂಡನ್ನು ಹಲ್ಲಿನಿಂದ ಕಚ್ಚಿ ಬಿಗಿ ಮಾಡುವ ಅಭ್ಯಾಸ ಕನ್ಸಾಸಿನ ಹುಡುಗನಿಗೂ ಕಾವೇರಿ ದಡದ ಹುಡುಗನಿಗೂ ಒಂದೇ. ಇಕ್ಕಳಕ್ಕೆ ಹೆಚ್ಚು ದುಡ್ಡಾಗುವುದಿಲ್ಲ. ಗಾಳ ಮುಟ್ಟಿದ ಕೈಯನ್ನು ಬುತ್ತಿ ಬಿಚ್ಚುವ ಮೊದಲು ಸೋಪು ಹಾಕಿ ತೊಳೆಯುವುದಕ್ಕೂ ಅಷ್ಟೇ.

ಅಂಗಡಿಯ ಗೋಡೆಯ ಮುಂದೆ ಇನ್ನೂ ನಿಂತಿರುವ ತಂದೆ ಮಗಳ ವಿಷಯಕ್ಕೆ ಬಂದರೆ, ಮೊದಲ ಋತುವಿಗೆ ಎರಡು ಪೊಟ್ಟಣ ಸಾಕು. ಒಂದು 1/16 ಔನ್ಸಿನ ಅಣಬೆ ತಲೆ, ತೆಳು ತಂತಿಯ 1ನೇ ನಂಬರಿನ ಗಾಳದ್ದು. ಇನ್ನೊಂದು ಗಾಳಿಯ ದಿನಕ್ಕೆ 1/8 ಔನ್ಸಿನದು. ಎರಡನ್ನೂ ಕೊಳ್ಳುವ ಮುನ್ನ ಪೊಟ್ಟಣವನ್ನು ಹಿಂದೆ ತಿರುಗಿಸಿ, ಸಣ್ಣ ಅಕ್ಷರದಲ್ಲಿ ಲೋಹದ ಹೆಸರು ಏನಿದೆ ಎಂದು ಓದಬೇಕು. ಹೆಸರೇ ಇಲ್ಲದಿದ್ದರೆ ಅದು ಬಹುಮಟ್ಟಿಗೆ ಸೀಸ.